ಬಟನ್ ಟಯರ್ ಹಾಕಿಸಿದರೆ ಮಳೆಗಾಲದಲ್ಲಿ ಬೈಕ್ ಜಾರುವುದೇ ಇಲ್ಲವೇ? ಗಾಳಿ ಇಳಿಸಿದರೆ ಗ್ರಿಪ್ ಹೆಚ್ಚುತ್ತದೆಯೇ?

ಮುಂಗಾರು ಹತ್ತಿರವಾದಂತೆ ಬೈಕ್ ಸವಾರರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಒಂದು, "ಬಟನ್ ಟಯರ್ ಹಾಕಿಸಿ, ಮಳೆಯಲ್ಲಿ ಸ್ಕಿಡ್ ಆಗುವ ಮಾತೇ ಇಲ್ಲ." ಇನ್ನೊಂದು, "ಟಯರಿನ ಗಾಳಿ ಅರ್ಧ ಇಳಿಸಿ, ಎಂಥ ದಾರಿಯಲ್ಲೂ ಗ್ರಿಪ್ ಸಿಗುತ್ತದೆ." ಜೊತೆಗೊಂದು ವಿಡಿಯೋ ಇರುತ್ತದೆ. ಮೊಣಕಾಲುದ್ದ ಕೆಸರಿನಲ್ಲಿ ಬೈಕೊಂದು ಸಲೀಸಾಗಿ ದಿಬ್ಬ ಹತ್ತಿ ಹೋಗುತ್ತದೆ.

ಆ ವಿಡಿಯೋ ಸುಳ್ಳಲ್ಲ. ಸಂದೇಶಗಳು ಕೂಡ ಪೂರ್ತಿ ಸುಳ್ಳಲ್ಲ. ಕೆಸರಿನ ಮಟ್ಟಿಗೆ ಎರಡೂ ನಿಜ, ಟಾರು ರಸ್ತೆಗೆ ಬಂದ ಕೂಡಲೇ ಎರಡೂ ಉಲ್ಟಾ ಆಗುತ್ತವೆ. ಸಮಸ್ಯೆ ಏನೆಂದರೆ ನಮ್ಮಲ್ಲಿ ಮಣ್ಣಿನ ದಾರಿಗೆಂದು ಹೊರಟವರು ಓಡಿಸುವುದು ಬಹುಪಾಲು ಟಾರಿನ ಮೇಲೆಯೇ. ಬೆಂಗಳೂರಿನಿಂದ ಮೂಡಿಗೆರೆ ಕಡೆಯ ಕಾಫಿ ತೋಟದ ದಾರಿ ನೋಡಲು ಹೋಗಿ ಬರುವವರ ಲೆಕ್ಕ ಹಾಕಿ. ಮಣ್ಣು ಹತ್ತಿಪ್ಪತ್ತು ಕಿಲೋಮೀಟರ್, ಟಾರು ಹತ್ತಿರ ಹತ್ತಿರ 500.

ಗದ್ದೆಯ ಟ್ರ್ಯಾಕ್ಟರ್ ಹೇಳಿಕೊಡುವ ಪಾಠ

ನಾಟಿಗೆ ಮುಂಚೆ ಗದ್ದೆ ಹದ ಮಾಡುವಾಗ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಹಾಕುವುದನ್ನು ನೋಡಿರುತ್ತೀರಿ. ಕೆಸರಿನಲ್ಲಿ ಅದಕ್ಕೆ ಸಾಟಿಯಿಲ್ಲ. ಅದೇ ಚಕ್ರದಲ್ಲಿ ಟಾರು ರಸ್ತೆಗೆ ಬಂದರೆ ರಸ್ತೆಯೂ ಹಾಳು, ಟ್ರ್ಯಾಕ್ಟರ್ ಕೂಡ ಕುಣಿಯುತ್ತದೆ. ಬಟನ್ ಟಯರ್ ಇದರ ತಮ್ಮ ಎಂದುಕೊಳ್ಳಿ.

ಕೆಸರಿನಲ್ಲಿ ಚಕ್ರ ಜಾರುವುದು ರಬ್ಬರಿಗೂ ಮಣ್ಣಿಗೂ ನಡುವೆ ಅಲ್ಲ. ಮಣ್ಣಿನ ಒಂದು ಪದರವೇ ಕೆಳಗಿನ ಪದರದ ಮೇಲೆ ಜಾರಿ ಹೋಗುತ್ತದೆ. ಹಾಗಾಗಿ ಟಯರ್ ಮೇಲ್ಪದರವನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟಬೇಕು. ಎತ್ತರದ ಗುಂಡಿಗಳು ಮಾಡುವುದು ಇದನ್ನೇ. ಗುಂಡಿಗಳ ನಡುವಿನ ಜಾಗಕ್ಕೂ ಅಷ್ಟೇ ಮಹತ್ವವಿದೆ. ಚಕ್ರ ತಿರುಗುವಾಗ ಅಲ್ಲಿ ಮೆತ್ತಿದ ಮಣ್ಣು ಹಾರಿ ಹೋಗಬೇಕು. ಇಲ್ಲದಿದ್ದರೆ ಒಂದೆರಡು ಸುತ್ತಿನಲ್ಲಿ ಎಲ್ಲ ತುಂಬಿಕೊಂಡು ಟಯರ್ ನುಣ್ಣಗಿನ ಮಣ್ಣಿನ ಉಂಡೆಯಾಗುತ್ತದೆ. ಮಲೆನಾಡಿನ ಕೆಮ್ಮಣ್ಣಿನಲ್ಲಿ ಮಾಮೂಲಿ ಟಯರ್ ಹಾಕಿಕೊಂಡು ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಟಾರಿನ ಮೇಲೆ ಕತೆಯೇ ಬೇರೆ. ಅಲ್ಲಿ ನೆಲ ಗಟ್ಟಿ, ಸೀಳಲು ಏನೂ ಇಲ್ಲ. ರಬ್ಬರ್ ಜಲ್ಲಿಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಒತ್ತಿಕೊಂಡು ಹಿಡಿತ ಸಾಧಿಸುತ್ತದೆ. ಅದಕ್ಕೆ ರಸ್ತೆಗೆ ತಾಗುವ ರಬ್ಬರ್ ಹೆಚ್ಚಿರಬೇಕು. ಘರ್ಷಣೆಗೂ ತಾಗುವ ಜಾಗದ ಅಳತೆಗೂ ಸಂಬಂಧವಿಲ್ಲ ಎಂದು ಹೈಸ್ಕೂಲಿನಲ್ಲಿ ಓದಿದ್ದು ನೆನಪಿರಬಹುದು. ಮರ, ಕಬ್ಬಿಣಕ್ಕೆ ಆ ನಿಯಮ ಹೊಂದುತ್ತದೆ, ಮೆತ್ತಗಿನ ರಬ್ಬರ್ ಅದನ್ನು ಅಷ್ಟಾಗಿ ಪಾಲಿಸುವುದಿಲ್ಲ. ಬಟನ್ ಟಯರಿನಲ್ಲಿ ರಸ್ತೆಗೆ ತಾಗುವುದು ಗುಂಡಿಗಳ ನೆತ್ತಿ ಮಾತ್ರ. ಜೋರಾಗಿ ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಬೈಕ್ ವಾಲಿಸಿದಾಗ ಆ ಎತ್ತರದ ಗುಂಡಿಗಳು ಬಾಗುತ್ತವೆ, ಬೈಕ್ ಹಿಡಿತಕ್ಕೆ ಸಿಗದೆ ತೇಲಿದಂತೆ ಅನಿಸುತ್ತದೆ. ರಸ್ತೆ ಒದ್ದೆಯಾಗಿದ್ದರೆ ನಿಲ್ಲಲು ಬೇಕಾದ ದೂರ ಮತ್ತೂ ಹೆಚ್ಚುತ್ತದೆ. ಅಂದರೆ, "ಮಳೆಗಾಲಕ್ಕೆ ಬಟನ್ ಟಯರ್" ಎಂಬ ಸಲಹೆ ಕೆಸರನ್ನೂ ಒದ್ದೆ ಟಾರನ್ನೂ ಒಂದೇ ಎಂದುಕೊಂಡಿದೆ. ಚಾರ್ಮಾಡಿ ಘಾಟಿಯ ಒದ್ದೆ ತಿರುವಿನಲ್ಲಿ ನಿಮಗೆ ಬೇಕಿರುವುದು ಮೆದು ರಬ್ಬರಿನ, ನೀರು ಹೊರಹಾಕುವ ಗೀರುಗಳಿರುವ ರಸ್ತೆ ಟಯರ್. ರಸ್ತೆಯ ಮೇಲಿನ ಬಿಳಿ ಪಟ್ಟಿ, ಸೇತುವೆಯ ಕಬ್ಬಿಣದ ಜೋಡಣೆ, ಚೆಲ್ಲಿದ ಡೀಸೆಲ್ ಇವುಗಳ ಮೇಲೆ ಒದ್ದೆಯಲ್ಲಿ ಯಾವ ಟಯರನ್ನೂ ನಂಬುವಂತಿಲ್ಲ.

ಯಾವ ಟಯರ್ ಆರಿಸಿಕೊಳ್ಳಬೇಕು?

ಮೊದಲು ಒಂದು ಗೊಂದಲ ತಿಳಿಯಾಗಲಿ. ಡರ್ಟ್ ಬೈಕ್ ಎಂದರೆ ನಿಜವಾಗಿ ಹೆಡ್‌ಲೈಟ್, ಇಂಡಿಕೇಟರ್, ನಂಬರ್ ಪ್ಲೇಟ್ ಇಲ್ಲದ, ಟ್ರ್ಯಾಕಿನಲ್ಲಷ್ಟೇ ಓಡಿಸಬಹುದಾದ ಹಗುರ ಬೈಕು. ನಮ್ಮ ರಸ್ತೆಗಳಲ್ಲಿ ಕಾಣುವ ಹೀರೋ ಎಕ್ಸ್‌ಪಲ್ಸ್, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಮುಂತಾದವು ಎರಡೂ ಕಡೆ ಓಡಾಡಲೆಂದು ತಯಾರಾದ, ನೋಂದಣಿಯಾದ ಬೈಕುಗಳು. ರೀಲ್ಸ್ ನೋಡಿ ಮೊದಲನೆಯದರ ಟಯರನ್ನು ಎರಡನೆಯದಕ್ಕೆ ಹಾಕಿಸುವವರಿದ್ದಾರೆ. ಬರೀ ಟ್ರ್ಯಾಕಿಗೆಂದೇ ಮಾಡಿದ ಟಯರುಗಳ ಬದಿಯಲ್ಲಿ 'ನಾಟ್ ಫಾರ್ ಹೈವೇ ಸರ್ವಿಸ್' ಅಥವಾ ಚುಟುಕಾಗಿ 'ಎನ್‌ಎಚ್‌ಎಸ್' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಅಂಗಡಿಯವರು ಏನೇ ಹೇಳಲಿ, ಆ ಬರಹವಿದ್ದರೆ ಅದು ರಸ್ತೆಯ ವೇಗಕ್ಕಾಗಲೀ ಬಿಸಿಗಾಗಲೀ ತಯಾರಾದ ಟಯರ್ ಅಲ್ಲ.

ಇನ್ನು ಮಣ್ಣಿನ ಟಯರುಗಳಲ್ಲೇ ವಿಧಗಳಿವೆ. ಇಲ್ಲಿ ಮೊದಲ ಸಲ ಕೇಳಿದವರಿಗೆ ಅಚ್ಚರಿಯಾಗುವ ಸಂಗತಿಯೊಂದಿದೆ. 'ಸಾಫ್ಟ್ ಟೆರೇನ್' ಟಯರಿನ ರಬ್ಬರ್ ಸಾಮಾನ್ಯವಾಗಿ ಗಟ್ಟಿ, 'ಹಾರ್ಡ್ ಟೆರೇನ್' ಟಯರಿನ ರಬ್ಬರ್ ಮೆದು! ಹೆಸರಿರುವುದು ನೆಲದ ಗುಣಕ್ಕೆ, ರಬ್ಬರಿನ ಗುಣಕ್ಕಲ್ಲ. ಕೆಸರು, ಮರಳಿಗೆ ಎತ್ತರದ, ದೂರ ದೂರದ, ಬಾಗದ ಗುಂಡಿ ಬೇಕು. ಒಣಗಿ ಸಿಮೆಂಟಿನಂತಾದ ನೆಲ, ಬಂಡೆಗೆ ಗಿಡ್ಡ, ಒತ್ತೊತ್ತಾದ, ಮೆತ್ತಗೆ ಅಪ್ಪಿಕೊಳ್ಳುವ ಗುಂಡಿ ಬೇಕು. ಕೆಸರಿನ ಟಯರ್ ಹಾಕಿಕೊಂಡು ಕೋಲಾರದ ಬಂಡೆಗಳ ಮೇಲೆ ಓಡಿಸಿದರೆ ಗುಂಡಿಗಳ ಅಂಚು ಬೇಗನೆ ಕಿತ್ತು ಹೋಗುತ್ತದೆ.

ಮಾರಾಟದ ಮಾತಿನಲ್ಲಿ '50-50', '80-20' ಎಂಬ ಅಂಕಿಗಳು ಬರುತ್ತವೆ. ರಸ್ತೆಗೆ ಇಷ್ಟು, ಮಣ್ಣಿಗೆ ಇಷ್ಟು ಎಂದು ಅರ್ಥ. ಇದನ್ನು ಅಳೆಯುವ ಸರ್ಕಾರಿ ಮಾನದಂಡ ಯಾವುದೂ ಇಲ್ಲ, ಕಂಪನಿಗಳೇ ಕೊಟ್ಟುಕೊಂಡ ಅಂಕಿಗಳು. ಒಬ್ಬರ 50-50 ಇನ್ನೊಬ್ಬರ 70-30 ಆಗಿರಬಹುದು. ನಮ್ಮ ಅಭಿಪ್ರಾಯ ಕೇಳಿದರೆ, ವಾರವಿಡೀ ಆಫೀಸಿಗೆ ಹೋಗಿ ತಿಂಗಳಿಗೊಮ್ಮೆ ಮಣ್ಣಿಗಿಳಿಯುವವರಿಗೆ ಬೈಕಿನ ಜೊತೆ ಬಂದ ಟಯರೇ ಸಾಕು. ಉಳಿದ ಹಣಕ್ಕೆ ಒಳ್ಳೆಯ ಶೂ ಕೊಳ್ಳಬಹುದು.

ಅಳತೆ ಬದಲಿಸುವ ಆಸೆ ಇನ್ನೊಂದು. "ಅಗಲದ ಟಯರ್ ಹಾಕಿಸಿ, ಗ್ರಿಪ್ ಜಾಸ್ತಿ" ಎನ್ನುವವರು, ಎಕ್ಸ್‌ಪಲ್ಸ್‌ನ ಮುಂದಿನ ಚಕ್ರಕ್ಕೆ 90/90-21 ಅಳತೆಯ ಟಯರ್ ಏಕಿದೆ ಎಂದು ಯೋಚಿಸುವುದಿಲ್ಲ. ಇದರಲ್ಲಿ ಮೊದಲ 90 ಅಗಲ, ಮಿಲಿಮೀಟರಿನಲ್ಲಿ. ಎರಡನೇ 90 ಎಂದರೆ ಟಯರಿನ ಎತ್ತರ ಅಗಲದ 90 ಶೇಕಡಾ. 21 ಎಂಬುದು ರಿಮ್‌ನ ವ್ಯಾಸ, ಇಂಚಿನಲ್ಲಿ. ದೊಡ್ಡ ಚಕ್ರ ಕಲ್ಲು, ಗುಂಡಿಗಳ ಮೇಲೆ ಸುಲಭವಾಗಿ ಉರುಳುತ್ತದೆ, ಸಣ್ಣ ಅಗಲ ಕೆಸರನ್ನು ಚಾಕುವಿನಂತೆ ಸೀಳಿ ದಿಕ್ಕು ಹಿಡಿಯುತ್ತದೆ. ರಿಮ್‌ಗೆ ಮೀರಿದ ಅಗಲದ ಟಯರ್ ಹಾಕಿದರೆ ಅದರ ಎರಡೂ ಬದಿ ಒಳಕ್ಕೆ ಚಿವುಟಿದಂತಾಗಿ ಆಕಾರವೇ ಕೆಡುತ್ತದೆ. ಅಳತೆಯ ಪಕ್ಕ ಇನ್ನೊಂದು ಅಂಕಿ, ಒಂದು ಅಕ್ಷರ ಇರುತ್ತವೆ. ಉದಾಹರಣೆಗೆ 54 ಎಂದರೆ ಆ ಟಯರ್ ಹೊರಬಲ್ಲ ಗರಿಷ್ಠ ಭಾರ 212 ಕೆ.ಜಿ., 'ಪಿ' ಎಂದರೆ ಗರಿಷ್ಠ ವೇಗ ಗಂಟೆಗೆ 150 ಕಿ.ಮೀ. ಹಿಂದೆ ಜೊತೆಗಾರರನ್ನು ಕೂರಿಸಿಕೊಂಡು, ಲಗೇಜ್ ಕಟ್ಟಿಕೊಂಡು ಹೋಗುವವರು ಈ ಅಂಕಿ ಕಂಪನಿ ಹೇಳಿದ್ದಕ್ಕಿಂತ ಕಡಿಮೆಯಿರದಂತೆ ನೋಡಿಕೊಳ್ಳಬೇಕು.

ಗಾಳಿ: ಅರ್ಧ ನಿಜದ ಅಪಾಯ

ಗಾಳಿ ಇಳಿಸಿದರೆ ಏನಾಗುತ್ತದೆ? ಒಂದು ಸರಳ ಲೆಕ್ಕ ಮಾಡೋಣ. ಹಿಂದಿನ ಚಕ್ರದ ಮೇಲೆ ಸುಮಾರು 144 ಕೆ.ಜಿ. ಭಾರವಿದೆ, ಗಾಳಿ 32 ಪಿಎಸ್‌ಐ ಇದೆ ಎನ್ನೋಣ. 32 ಪಿಎಸ್‌ಐ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕೆ.ಜಿ. ಒತ್ತಡ. ಭಾಗಿಸಿದರೆ 64 ಚದರ ಸೆಂಟಿಮೀಟರ್. ಅಂದರೆ ನೆಲಕ್ಕೆ ತಾಗುವುದು ಅಂಗೈಯಗಲದ ಜಾಗ, ಅಷ್ಟೇ! ಗಾಳಿಯನ್ನು 16ಕ್ಕೆ ಇಳಿಸಿದರೆ ಲೆಕ್ಕದ ಪ್ರಕಾರ ಈ ಜಾಗ ದುಪ್ಪಟ್ಟಾಗಬೇಕು. ಟಯರಿನ ಬದಿಯೂ ಸ್ವಲ್ಪ ಭಾರ ಹೊರುವುದರಿಂದ ಅಷ್ಟಾಗುವುದಿಲ್ಲ, ಆದರೂ ಚೆನ್ನಾಗಿಯೇ ಹೆಚ್ಚುತ್ತದೆ. ಮುಖ್ಯವಾಗಿ ಉದ್ದಕ್ಕೆ ಹೆಚ್ಚುತ್ತದೆ. ಮಣ್ಣಿನ ಮೇಲೆ ಹೆಚ್ಚು ಗುಂಡಿಗಳು ಒಟ್ಟಿಗೆ ಕೆಲಸ ಮಾಡುತ್ತವೆ, ಟಯರ್ ಕಲ್ಲುಗಳ ಸುತ್ತ ಬಾಗಿ ಅಪ್ಪಿಕೊಳ್ಳುತ್ತದೆ. ಗ್ರಿಪ್ ಹೆಚ್ಚುವುದು ನಿಜ.

ಆದರೆ ಎಷ್ಟು ಇಳಿಸಬಹುದು ಎನ್ನುವುದು ಬೈಕಿನ ಮೇಲಿದೆ. ಟ್ರ್ಯಾಕಿನ ಮೋಟೋಕ್ರಾಸ್ ಬೈಕ್‌ಗಳಲ್ಲಿ 12ರಿಂದ 14 ಪಿಎಸ್‌ಐ ಸಾಮಾನ್ಯ. ಆ ಬೈಕುಗಳ ತೂಕ ನೂರು ಕೆ.ಜಿ.ಯ ಆಸುಪಾಸು. ಹಿಮಾಲಯನ್ ಸುಮಾರು 200 ಕೆ.ಜಿ. ತೂಗುತ್ತದೆ. ಅದಕ್ಕೂ 12 ಇಟ್ಟರೆ ಮೊದಲ ಕಲ್ಲಿಗೇ ರಿಮ್ ಬಡಿಯುತ್ತದೆ. ನಡುವೆ ಸಿಕ್ಕಿದ ಟ್ಯೂಬ್ ಅಕ್ಕಪಕ್ಕ ಎರಡು ಕಡೆ ಸೀಳುತ್ತದೆ, ಹಾವು ಕಚ್ಚಿದ ಗುರುತಿನ ಹಾಗೆ. ಇಂಥ ಭಾರದ ಬೈಕ್‌ಗಳನ್ನು ಮಣ್ಣಿಗಿಳಿಸುವ ಅನುಭವಿಗಳು ಸಾಮಾನ್ಯವಾಗಿ 20ರ ಆಸುಪಾಸಿನಲ್ಲೇ ನಿಲ್ಲಿಸುತ್ತಾರೆ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಗಾಳಿ ಕಡಿಮೆಯಿದ್ದಾಗ ಟಯರ್ ರಿಮ್ ಮೇಲೆಯೇ ಸ್ವಲ್ಪ ಸ್ವಲ್ಪ ಜಾರಿ ತಿರುಗುತ್ತದೆ, ತನ್ನ ಜೊತೆ ಟ್ಯೂಬನ್ನೂ ಎಳೆಯುತ್ತದೆ. ವಾಲ್ವ್ ಮಾತ್ರ ರಿಮ್‌ನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ, ಕೊನೆಗೆ ಬುಡದಲ್ಲೇ ಹರಿಯುತ್ತದೆ. ಇದನ್ನು ತಡೆಯಲೆಂದೇ ಡರ್ಟ್ ಬೈಕ್‌ಗಳಲ್ಲಿ 'ರಿಮ್ ಲಾಕ್' ಎಂಬ ಬಿಗಿಪಟ್ಟಿ ಇರುತ್ತದೆ. ನಮ್ಮ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಸಣ್ಣ ಉಪಾಯವಿದೆ. ವಾಲ್ವಿನ ನಟ್ಟನ್ನು ರಿಮ್‌ಗೆ ಒತ್ತಿ ಬಿಗಿಯಬೇಡಿ, ಮೇಲಕ್ಕೆ ತಿರುಗಿಸಿ ಮುಚ್ಚಳಕ್ಕೆ ತಾಗಿಸಿ ಇಡಿ. ಟಯರ್ ಜಾರತೊಡಗಿದರೆ ವಾಲ್ವ್ ಓರೆಯಾಗಿ ನಿಲ್ಲುತ್ತದೆ, ಹರಿಯುವ ಮುಂಚೆ ನಿಮಗೆ ಗೊತ್ತಾಗುತ್ತದೆ.

ಡಕಾರ್ ರ‍್ಯಾಲಿಯ ವಿಡಿಯೋಗಳನ್ನು ತೋರಿಸಿ "ಅವರು ಗಾಳಿಯನ್ನೇ ತುಂಬುವುದಿಲ್ಲ" ಎನ್ನುವುದುಂಟು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಪೂರೈಸಿದ ಮೊದಲ ಭಾರತೀಯರಾದ ಮೇಲೆ ನಮ್ಮಲ್ಲೂ ಆ ರ‍್ಯಾಲಿಗೆ ನೋಡುಗರು ಹೆಚ್ಚಿದ್ದಾರೆ. ಗಾಳಿ ತುಂಬುವುದಿಲ್ಲ ಎನ್ನುವುದು ನಿಜವೇ. ಅಲ್ಲಿನ ಬೈಕ್‌ಗಳಲ್ಲಿ ಟ್ಯೂಬಿನ ಬದಲು 'ಮೂಸ್' ಎಂಬ ಗಟ್ಟಿ ಫೋಮ್ ಉಂಗುರ ಇರುತ್ತದೆ, ಮುಳ್ಳು ಚುಚ್ಚಿದರೂ ಪಂಕ್ಚರ್ ಇಲ್ಲ. ಆದರೆ ಅದು ಬೇಗ ಸವೆಯುತ್ತದೆ, ವೇಗದಲ್ಲಿ ಬಿಸಿಯಾಗಿ ಕರಗುವುದೂ ಉಂಟು. ಅವರು ಅದನ್ನು ಆಗಾಗ ಬದಲಿಸುತ್ತಿರುತ್ತಾರೆ. ದಿನನಿತ್ಯದ ರಸ್ತೆಗೆ ಅದು ಹೇಳಿ ಮಾಡಿಸಿದ್ದಲ್ಲ.

ಈಗ ನಿಜವಾದ ಅಪಾಯಕ್ಕೆ ಬರೋಣ. ಮಣ್ಣಿನ ದಾರಿ ಮುಗಿಯಿತು, ಕತ್ತಲಾಗುತ್ತಿದೆ, ಪಂಪ್ ತಂದಿಲ್ಲ, "ಮುಂದೆ ಬಂಕ್ ಸಿಗುತ್ತದೆ ಬಿಡು" ಎಂದು ಹಾಗೆಯೇ ಹೈವೇ ಹತ್ತುತ್ತೇವೆ. ಬೈಕಿನ ಹಿಂದಿನ ಚಕ್ರದ ಸುತ್ತಳತೆ ಸುಮಾರು ಎರಡು ಮೀಟರ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 11 ಸುತ್ತು ಹಾಕುತ್ತದೆ, ಗಂಟೆಗೆ 40,000 ಸುತ್ತು. ಪ್ರತಿ ಸುತ್ತಿನಲ್ಲೂ ಟಯರಿನ ಬದಿ ಒಮ್ಮೆ ಮಡಚಿ ಬಿಚ್ಚುತ್ತದೆ. ತಂತಿಯೊಂದನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ಬಿಸಿಯಾಗುತ್ತದಲ್ಲ, ಇಲ್ಲಿಯೂ ಹಾಗೆಯೇ. ಗಾಳಿ ಕಡಿಮೆಯಿದ್ದಷ್ಟೂ ಮಡಿಕೆ ದೊಡ್ಡದು, ಬಿಸಿಯೂ ಹೆಚ್ಚು. ಬಿಸಿ ಮಿತಿ ಮೀರಿದರೆ ಟಯರಿನೊಳಗಿನ ಪದರಗಳು ಬಿಟ್ಟುಕೊಳ್ಳುತ್ತವೆ, ಟ್ಯೂಬ್ ಒಡೆಯುತ್ತದೆ. ಟ್ಯೂಬ್ ಇರುವ ಚಕ್ರ ಒಡೆದರೆ ಗಾಳಿ ಒಮ್ಮೆಗೇ ಹೋಗುತ್ತದೆ, ಸವಾರನಿಗೆ ಸುಧಾರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಹಾಗಾಗಿ ನಮ್ಮ ಸಲಹೆ ಸ್ಪಷ್ಟ: ಗಾಳಿ ಮತ್ತೆ ತುಂಬಲು ಜೊತೆಯಲ್ಲಿ ಪಂಪ್ ಇದ್ದರೆ ಮಾತ್ರ ಗಾಳಿ ಇಳಿಸಿ. ಕಾಲಿನಿಂದ ತುಳಿಯುವ ಪಂಪ್ ಆದರೂ ಸರಿ.

"ಬೇಸಿಗೆಯಲ್ಲಿ ಟಯರ್ ಸಿಡಿಯುತ್ತದೆ, ಗಾಳಿ ಕಡಿಮೆ ತುಂಬಿಸಿ" ಎಂಬ ಏಪ್ರಿಲ್ ತಿಂಗಳ ಫಾರ್ವರ್ಡ್ ತಪ್ಪಾಗುವುದೂ ಇದೇ ಕಾರಣಕ್ಕೆ. ಬೆಳಿಗ್ಗೆ 25 ಡಿಗ್ರಿಯಲ್ಲಿ 30 ಪಿಎಸ್‌ಐ ತುಂಬಿಸಿದ್ದೀರಿ, ಓಡಿ ಓಡಿ ಒಳಗಿನ ಗಾಳಿ 60 ಡಿಗ್ರಿಗೆ ಏರಿತು ಎನ್ನೋಣ. ಒತ್ತಡ 35ರ ಹತ್ತಿರ ಹೋಗುತ್ತದೆ, ಅಷ್ಟೇ. ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ಕಂಪನಿಗಳು ಅಂಕಿ ಕೊಟ್ಟಿರುತ್ತವೆ, ಟಯರ್ ಅದನ್ನು ಆರಾಮಾಗಿ ತಡೆಯುತ್ತದೆ. ಕಡಿಮೆ ತುಂಬಿಸಿದರೆ ಮೇಲೆ ಹೇಳಿದ ಮಡಿಕೆ ಹೆಚ್ಚಿ, ಯಾವುದನ್ನು ತಪ್ಪಿಸಲು ಹೊರಟಿರೋ ಅದನ್ನೇ ಬರಮಾಡಿಕೊಂಡಂತೆ. ಬೇಸಿಗೆ ಇರಲಿ, ಚಳಿ ಇರಲಿ, ಚೈನ್ ಕವರಿನ ಸ್ಟಿಕ್ಕರಿನಲ್ಲೋ ಕೈಪಿಡಿಯಲ್ಲೋ ಇರುವ ಅಂಕಿಯನ್ನೇ ಪಾಲಿಸಿ. ಬೈಕ್ ಕೆಲವು ಗಂಟೆ ನಿಂತು ಟಯರ್ ತಣ್ಣಗಿರುವಾಗ ಅಳೆಯಿರಿ. ಸ್ವಂತಕ್ಕೊಂದು ಸಣ್ಣ ಗೇಜ್ ಇಟ್ಟುಕೊಳ್ಳುವುದು ಒಳ್ಳೆಯದು, ಒಂದೊಂದು ಬಂಕಿನ ಮೀಟರ್ ಒಂದೊಂದು ತೋರಿಸುತ್ತದೆ.

"ಬೆಟ್ಟ ಹತ್ತುವಾಗ ಟಯರ್ ಉಬ್ಬುತ್ತದೆ" ಎಂಬುದು? ಸ್ವಲ್ಪ ನಿಜ. ಮಂಗಳೂರಿನ ಕಡಲ ಮಟ್ಟದಿಂದ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಹೋದರೆ ಹೊರಗಿನ ಗಾಳಿಯ ಒತ್ತಡ ಸುಮಾರು 3 ಪಿಎಸ್‌ಐ ಇಳಿಯುತ್ತದೆ, ಗೇಜ್ ಅಷ್ಟು ಹೆಚ್ಚು ತೋರಿಸಬೇಕು. ಆದರೆ ಮೇಲೆ ಚಳಿ. ಹನ್ನೆರಡು ಡಿಗ್ರಿ ತಣ್ಣಗಾದರೆ ಹೆಚ್ಚುಕಮ್ಮಿ 2 ಪಿಎಸ್‌ಐ ಇಳಿಯುತ್ತದೆ. ಉಳಿಯುವುದು ಒಂದು. ಗಾಳಿ ಬಿಡುವ ಅಗತ್ಯವಿಲ್ಲ. ನೈಟ್ರೋಜನ್ ತುಂಬಿಸಿದರೆ ಇದೆಲ್ಲ ಇಲ್ಲವಂತೆ ಎನ್ನುವವರಿಗೆ ಒಂದೇ ಮಾತು: ಮಾಮೂಲಿ ಗಾಳಿಯಲ್ಲೇ 78 ಶೇಕಡಾ ನೈಟ್ರೋಜನ್ ಇದೆ.

ಟಯರ್ ಬದಲಿಸುವಾಗ

ಪಂಕ್ಚರ್ ಅಂಗಡಿ ಸಿಗದ ಜಾಗದಲ್ಲಿ ಓಡಾಡುವವರು ಇದನ್ನು ಮನೆಯಲ್ಲಿ ಒಮ್ಮೆ ಮಾಡಿ ನೋಡಿರಬೇಕು. ಬಲ ಬೇಕು ಎಂಬುದು ತಪ್ಪು ಕಲ್ಪನೆ. ಟಯರಿನ ಅಂಚಿನೊಳಗೆ ಉಕ್ಕಿನ ತಂತಿಯ ಬಳೆಯಿದೆ, ಮೆಕ್ಯಾನಿಕ್‌ಗಳು ಬೀಡ್ ಎನ್ನುತ್ತಾರೆ. ಅದು ಹಿಗ್ಗುವುದಿಲ್ಲ. ಎಷ್ಟು ಲಿವರ್ ಹಾಕಿ ಎಳೆದರೂ ಹಿಗ್ಗುವುದಿಲ್ಲ. ರಿಮ್‌ನ ನಡುವೆ ಒಂದು ತಗ್ಗು ಇರುತ್ತದೆ. ಲಿವರ್ ಹಾಕುವ ಜಾಗದ ಎದುರು ಬದಿಯಲ್ಲಿ ಬೀಡನ್ನು ಮೊಣಕಾಲಿನಿಂದ ಒತ್ತಿ ಆ ತಗ್ಗಿಗೆ ಇಳಿಸಿದರೆ ಇತ್ತ ಸಡಿಲ ಸಿಗುತ್ತದೆ, ಟಯರ್ ತಾನಾಗಿ ಹೊರಬರುತ್ತದೆ. ಹಾಕುವಾಗಲೂ ಅಷ್ಟೇ, ವಾಲ್ವಿನ ಎದುರು ಬದಿಯಿಂದ ಶುರು ಮಾಡಿ ವಾಲ್ವ್ ಹತ್ತಿರ ಮುಗಿಸಿ. ಗಟ್ಟಿಯಾಯಿತು ಅನಿಸಿದರೆ ಇನ್ನಷ್ಟು ಒತ್ತುವ ಬದಲು ಎದುರು ಬದಿ ತಗ್ಗಿನಲ್ಲಿದೆಯೇ ನೋಡಿ. ಜಾರಲು ಸೋಪು ನೀರು ಸಾಕು. ಗ್ರೀಸ್, ಸೀಮೆಎಣ್ಣೆ, ಎಂಜಿನ್ ಆಯಿಲ್ ಬೇಡ, ಅವು ರಬ್ಬರನ್ನು ಕೆಡಿಸುತ್ತವೆ. ಸರ್ವೀಸ್ ಸೆಂಟರುಗಳ ಡೀಸೆಲ್ ವಾಶ್ ಟಯರಿಗೆ ತಾಗಬಾರದು ಎನ್ನುವುದೂ ಇದೇ ಕಾರಣಕ್ಕೆ.

ಹೊಸ ಟ್ಯೂಬ್ ಹಾಕುವ ಮುಂಚೆ ಟಯರಿನ ಒಳಗೆ ಬಟ್ಟೆಯಿಂದ ಒರೆಸಿ ನೋಡಿ. ಮುಳ್ಳು ಅಲ್ಲೇ ಇದ್ದರೆ ಬಟ್ಟೆಗೆ ಸಿಗುತ್ತದೆ, ಬೆರಳಿಗೆ ಚುಚ್ಚುವುದಿಲ್ಲ. ಟ್ಯೂಬಿಗೆ ಆಕಾರ ಬರುವಷ್ಟು ಒಂಚೂರು ಗಾಳಿ ತುಂಬಿ ಒಳಗಿಡಿ, ಆಗ ಲಿವರಿಗೆ ಸಿಕ್ಕಿ ಸೀಳುವುದು ತಪ್ಪುತ್ತದೆ. ಸ್ಪೋಕ್‌ಗಳ ತುದಿ ಮುಚ್ಚುವ ರಿಮ್ ಟೇಪ್ ಜಾಗದಲ್ಲಿರಲಿ. ಟಯರಿನ ಬದಿಯ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿರಬೇಕು. ಮುಂದಕ್ಕೂ ಹಿಂದಕ್ಕೂ ಹೊಂದುವ ಕೆಲವು ಟಯರುಗಳಲ್ಲಿ ಎರಡು ಬಾಣಗಳಿದ್ದು, ಒಂದಕ್ಕೊಂದು ವಿರುದ್ಧ ಇರುತ್ತವೆ. ತಪ್ಪು ಅಚ್ಚಲ್ಲ ಅದು. ಮುಂದಿನ ಚಕ್ರದ ದೊಡ್ಡ ಕೆಲಸ ಬ್ರೇಕ್, ಹಿಂದಿನದರದ್ದು ಎಳೆತ. ಬಲ ಬೀಳುವ ದಿಕ್ಕು ಬೇರೆ ಬೇರೆ. ಗಾಳಿ ತುಂಬಿದ ಮೇಲೆ ಟಯರಿನ ಬದಿಯಲ್ಲಿ ರಿಮ್‌ಗೆ ಹತ್ತಿರ ಒಂದು ಸಣ್ಣ ಗೆರೆ ಕಾಣುತ್ತದೆ. ಅದು ಸುತ್ತಲೂ ರಿಮ್‌ನಿಂದ ಸಮದೂರದಲ್ಲಿದ್ದರೆ ಟಯರ್ ಸರಿಯಾಗಿ ಕೂತಿದೆ.

ಚಕ್ರ ವಾಪಸು ಹಾಕಿ, ಆಕ್ಸಲ್ ನಟ್ ಬಿಗಿದು, ಹೊರಡುವ ಮುಂಚೆ ಬ್ರೇಕ್ ಲಿವರನ್ನು ನಾಲ್ಕೈದು ಸಲ ಒತ್ತಿ. ಚಕ್ರ ತೆಗೆದಾಗ ಡಿಸ್ಕ್ ಬ್ರೇಕಿನ ಪ್ಯಾಡುಗಳು ಹಿಂದೆ ಸರಿದಿರಬಹುದು, ಮೊದಲ ಒತ್ತಿಗೆ ಬ್ರೇಕ್ ಹಿಡಿಯದೆ ಹೋಗಬಹುದು. ಹೊಸ ಟಯರಿನ ಮೇಲ್ಮೈ ನುಣುಪಾಗಿರುತ್ತದೆ, ಮೊದಲ ನೂರು ನೂರೈವತ್ತು ಕಿ.ಮೀ. ನಿಧಾನವಾಗಿ ಓಡಿಸಿ. ಸ್ಯಾಂಡ್ ಪೇಪರ್, ಪೆಟ್ರೋಲಿನಲ್ಲಿ ಉಜ್ಜುವ ಸಲಹೆಗಳನ್ನು ಅಲ್ಲಿಗೇ ಬಿಡಿ.

ಮಣ್ಣಿನಿಂದ ಬಂದ ಮೇಲೆ ಗುಂಡಿಗಳ ಬುಡ ನೋಡುವ ಅಭ್ಯಾಸ ಇರಲಿ. ಬಿರುಕು ಶುರುವಾಗುವುದು ಅಲ್ಲಿಂದ. ಸ್ಪೋಕ್‌ಗಳನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ, ಬಿಗಿಯಿದ್ದದ್ದು ಟಿಂಗ್ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ.

ಟಯರಿಗೆ ಎಕ್ಸ್‌ಪೈರಿ ಡೇಟ್ ಇದೆಯೇ?

"ಟಯರಿನ ಆಯಸ್ಸು ನಾಲ್ಕೇ ವರ್ಷ, ಆಮೇಲೆ ಸಿಡಿಯುತ್ತದೆ" ಎಂಬ ಹಳೆಯ ಫಾರ್ವರ್ಡ್ ಈಗಲೂ ಬರುತ್ತಿರುತ್ತದೆ. ಅದರಲ್ಲಿ ತಯಾರಿಕೆಯ ದಿನಾಂಕ ಓದುವ ಬಗೆ ಸರಿಯಿದೆ, ನಾಲ್ಕು ವರ್ಷದ ಗಡುವು ಸರಿಯಿಲ್ಲ. ಟಯರಿನ ಬದಿಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2223 ಎಂದಿದ್ದರೆ 2023ರ 22ನೇ ವಾರ. ಅದು ಹುಟ್ಟಿದ ದಿನ, ಸಾಯುವ ದಿನವಲ್ಲ. ಹಲವು ಕಂಪನಿಗಳು ಐದು ವರ್ಷದ ನಂತರ ವರ್ಷಕ್ಕೊಮ್ಮೆ ಪರೀಕ್ಷಿಸಿ, ಹತ್ತು ವರ್ಷವಾದರೆ ಚೆನ್ನಾಗಿ ಕಂಡರೂ ಬದಲಿಸಿ ಎನ್ನುತ್ತವೆ. ಬಿಸಿಲಿಗೆ ನಿಂತ ಬೈಕಿನ ಟಯರ್ ಅದಕ್ಕೂ ಮೊದಲೇ ಬಿರುಕು ಬಿಡಬಹುದು. ಕಾನೂನು ನೋಡುವುದು ಸವೆತವನ್ನು: ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದ್ವಿಚಕ್ರ ವಾಹನಕ್ಕೆ ಕನಿಷ್ಠ 0.8 ಮಿ.ಮೀ. ಆಳ ಉಳಿದಿರಬೇಕು. ಬಟನ್ ಟಯರಿನ ವಿಷಯದಲ್ಲಿ ಅಷ್ಟರವರೆಗೆ ಕಾಯಬೇಡಿ. ಗುಂಡಿಗಳ ಚೂಪು ಅಂಚು ದುಂಡಗಾದಾಗಲೇ ಅದರ ಕೆಸರಿನ ಕೆಲಸ ಮುಗಿದಿರುತ್ತದೆ, ಟಾರಿನ ಮೇಲೆ ಹೆಚ್ಚು ಓಡಿಸಿದರೆ ನಡುವಿನ ಸಾಲು ಬೇಗನೆ ಚಪ್ಪಟೆಯಾಗುತ್ತದೆ.

ಕೊಳ್ಳುವಾಗ ಅಂಗಡಿಯಲ್ಲೇ ಈ ನಾಲ್ಕು ಅಂಕಿ ನೋಡಿ. ಕಾಣದಿದ್ದರೆ ಟಯರನ್ನು ತಿರುಗಿಸಿ ಇನ್ನೊಂದು ಬದಿ ನೋಡಿ, ಪೂರ್ತಿ ಸಂಕೇತ ಒಂದೇ ಬದಿಯಲ್ಲಿ ಅಚ್ಚಾಗಿರುವುದುಂಟು.